ವಹಿಗೆ ಏರದ ಸಾಲ: ಸರ್ಕಾರಗಳ ಹಣಕಾಸು ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಭಿವೃದ್ಧಿಶೀಲ ದೇಶಗಳ ರಾಜ್ಯ ಹಾಗೂ ಪ್ರಾಂತ್ಯಗಳ ಹಣಕಾಸು ಸಚಿವರು, ನಗರಗಳ ಮೇಯರ್‌ಗಳು ಮತ್ತು ಆಯುಕ್ತರು, ಖಜಾನೆ ಹಾಗೂ ಲೆಕ್ಕಪತ್ರ ಇಲಾಖೆಗಳ ಮುಖ್ಯಸ್ಥರು.

ವಿಷಯ: ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಪ್ರತಿಯೊಂದು ಸಾಲವನ್ನೂ, ಖಾತರಿಯನ್ನೂ, ಬಾಕಿ ಬಿಲ್ಲನ್ನೂ ಬಹಿರಂಗ ವಹಿಯಲ್ಲಿ ದಾಖಲಿಸಬೇಕೆಂಬ ಮನವಿ.

ಮಾನ್ಯರೇ,

ಸರ್ಕಾರಿ ಲೆಕ್ಕಗಳ ಪರಿಶೋಧನೆಯಲ್ಲಿ ದುಡಿಮೆಯ ಬಹುಪಾಲು ವರ್ಷಗಳನ್ನು ಕಳೆದವನು ನಾನು. ಇಲಾಖೆಗಳ, ನಗರಾಡಳಿತಗಳ, ಅವುಗಳ ಅಧೀನದಲ್ಲಿರುವ ನೀರು, ಸಾರಿಗೆ, ವಸತಿ ನಿಗಮಗಳ ವಹಿಗಳನ್ನು ಪುಟಪುಟವಾಗಿ ನೋಡಿದ್ದೇನೆ. ಸರ್ಕಾರಗಳು ಸಾಲವನ್ನೇ ಮಾಡಬಾರದು ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಸಾಲವಿಲ್ಲದೆ ದೊಡ್ಡ ಊರಿಗೆ ಕುಡಿಯುವ ನೀರು ತರುವುದು, ಒಳಚರಂಡಿ ಹಾಕುವುದು ಬಹುತೇಕ ಆಗದ ಮಾತು. ನನ್ನ ದೂರು ಒಂದೇ. ಸದನದ ಮುಂದೆ ಮಂಡಿಸಿ, ಚರ್ಚಿಸಿ, ಒಪ್ಪಿಗೆ ಪಡೆದು ಮಾಡಿದ ಸಾಲ ಸರ್ಕಾರಗಳನ್ನು ಕೆಡವಿದ್ದನ್ನು ನಾನು ಕಂಡದ್ದು ಕಡಿಮೆ. ಯಾರೂ ಕೈಯೆತ್ತಿ ಒಪ್ಪದ, ಯಾವ ವಹಿಗೂ ಏರದ ಸಾಲವೇ ಅವುಗಳನ್ನು ಮತ್ತೆ ಮತ್ತೆ ಮುಗ್ಗರಿಸುವಂತೆ ಮಾಡಿದೆ.

ಒಂದು ನಗರಾಡಳಿತದ ಲೆಕ್ಕ ಶಾಖೆಯಲ್ಲಿ ಕಂಡದ್ದನ್ನು ಮೊದಲು ಹೇಳುತ್ತೇನೆ. ಹಣಕಾಸು ವರ್ಷ ಮುಗಿದು ಕೆಲವು ವಾರಗಳಾಗಿದ್ದವು. ಆ ವರ್ಷದ ಲೆಕ್ಕ ಉಳಿತಾಯ ತೋರಿಸಿತ್ತು, ಸಾಮಾನ್ಯ ಸಭೆಯಲ್ಲಿ ಅದಕ್ಕೆ ಮೆಚ್ಚುಗೆಯೂ ಸಂದಿತ್ತು. ಶಾಖೆಯ ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿನ ಕೀಲಿ ಕೇಳಿದಾಗ ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾವೇ ಎದ್ದು ಬಾಗಿಲು ತೆಗೆದರು. ಒಳಗೆ ದಾರ ಕಟ್ಟಿದ ಬಿಲ್ಲುಗಳ ಕಟ್ಟುಗಳು ಮೇಲಿನ ಅರೆಯಿಂದ ಕೆಳಗಿನ ಅರೆಯವರೆಗೆ ಒತ್ತೊತ್ತಾಗಿ ತುಂಬಿದ್ದವು. ಕೆಲಸಗಳು ಮುಗಿದಿದ್ದವು, ಎಂಜಿನಿಯರು ಅಳತೆ ಪುಸ್ತಕದಲ್ಲಿ ಸಹಿ ಹಾಕಿದ್ದರು, ಮೇಲಧಿಕಾರಿಗಳ ಮಂಜೂರಾತಿಯೂ ಇತ್ತು. ಹಣವೊಂದು ಮಾತ್ರ ಪಾವತಿಯಾಗಿರಲಿಲ್ಲ. ಕೆಲವು ಬಿಲ್ಲುಗಳ ಅಂಚಿನಲ್ಲಿ ‘ಮುಂದಿನ ಸಾಲಿಗೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಅದರ ಪಕ್ಕದಲ್ಲೇ ಹಿಂದಿನ ವರ್ಷ ಬರೆದಿದ್ದ ಅದೇ ಶರಾ ಅರ್ಧ ಅಳಿಸಿಹೋಗಿತ್ತು.

ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ ಎಂದು ಅಲ್ಲಿನ ಅಧಿಕಾರಿಗಳು ನನಗೆ ವಿವರಿಸಿದರು, ಅವರ ಮಾತು ಒಂದು ಅರ್ಥದಲ್ಲಿ ನಿಜವೂ ಆಗಿತ್ತು. ನಗದು ಆಧಾರದ ಲೆಕ್ಕದಲ್ಲಿ ಹಣ ಕೈಬಿಟ್ಟು ಹೋದ ದಿನವೇ ಖರ್ಚು ಹುಟ್ಟುತ್ತದೆ. ಕೆಲಸ ಮಾಡಿಸಿಕೊಂಡು ದುಡ್ಡು ಕೊಡದಿದ್ದರೆ ಲೆಕ್ಕದ ಮಟ್ಟಿಗೆ ಆ ಕೆಲಸವೇ ನಡೆದಿಲ್ಲ. ಹೀಗೆ, ಬ್ಯಾಂಕಿನಿಂದ ತಂದ ಸಾಲಕ್ಕೆ ಸಭೆಯ ನಿರ್ಣಯ ಬೇಕು, ಮೇಲಿನ ಸರ್ಕಾರದ ಅನುಮತಿ ಬೇಕು, ಮಿತಿಯೊಳಗೆ ಇರಬೇಕು. ಆದರೆ ಗುತ್ತಿಗೆದಾರನಿಂದ, ಔಷಧ ಪೂರೈಸಿದವನಿಂದ, ವಿದ್ಯುತ್ ಸಂಸ್ಥೆಯಿಂದ ಅವರನ್ನು ಕೇಳದೆಯೇ ಪಡೆದ ಸಾಲಕ್ಕೆ ಇವು ಯಾವುವೂ ಬೇಡ. ಬಡ್ಡಿಯಿಲ್ಲದ ಸಾಲವೆಂದು ಇದನ್ನು ಯಾರಾದರೂ ಭಾವಿಸಿದ್ದರೆ ಅದು ತಪ್ಪು ತಿಳಿವಳಿಕೆ. ಹಣ ಒಂದೂವರೆ ವರ್ಷ ತಡವಾಗುತ್ತದೆಂದು ಗೊತ್ತಿರುವ ಗುತ್ತಿಗೆದಾರ ಆ ಅವಧಿಯ ಬಡ್ಡಿಯನ್ನು ಟೆಂಡರಿನ ದರದಲ್ಲೇ ಸೇರಿಸಿರುತ್ತಾನೆ. ಸೇರಿಸಲು ತಿಳಿಯದವನು, ಅಂದರೆ ಸಾಮಾನ್ಯವಾಗಿ ಚಿಕ್ಕವನು, ಕೂಲಿಯವರಿಗೆ ಕೊಡಲು ತಾನೇ ಸಾಲ ಮಾಡಿ, ಕೊನೆಗೆ ಕೆಲಸ ಬಿಟ್ಟು ಹೋಗುತ್ತಾನೆ. ಉಳಿಯುವವರು ಬಿಲ್ಲು ಬೇಗ ಮಂಜೂರು ಮಾಡಿಸಿಕೊಳ್ಳುವ ದಾರಿ ಬಲ್ಲವರು. ಯಾವ ಬಿಲ್ಲು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಲಿಖಿತ ಕ್ರಮವಿಲ್ಲದ ಕಡೆ ಲಂಚಕ್ಕೆ ಬೇರೆ ಆಹ್ವಾನ ಬೇಕಿಲ್ಲ.

ಇದು ಒಂದು ಕಚೇರಿಯ ಕಥೆಯಲ್ಲ. ಕೀನ್ಯಾದಲ್ಲಿ 2013ರಿಂದ ಕೌಂಟಿ ಸರ್ಕಾರಗಳು, ಅಂದರೆ ಜಿಲ್ಲೆಯಂಥ ಪ್ರದೇಶಗಳ ಚುನಾಯಿತ ಸರ್ಕಾರಗಳು, ಕೆಲಸ ಮಾಡುತ್ತಿವೆ. ಅಲ್ಲಿನ ಸಂವಿಧಾನದ 212ನೇ ವಿಧಿಯ ಪ್ರಕಾರ ರಾಷ್ಟ್ರೀಯ ಸರ್ಕಾರ ಖಾತರಿ ನಿಂತು, ಕೌಂಟಿ ಸಭೆ ಒಪ್ಪಿದರೆ ಮಾತ್ರ ಕೌಂಟಿ ಸಾಲ ಪಡೆಯಬಹುದು. ಓದಲು ಬಹಳ ಬಿಗಿಯಾದ ನಿಯಮ. ಆದರೆ ಮುಂಬಾಗಿಲಿಗೆ ಬೀಗ ಬಿದ್ದಾಗ ಹಿಂಬಾಗಿಲಿನಿಂದ ಬಂದದ್ದು ಬಾಕಿ ಬಿಲ್ಲುಗಳು. ಕೌಂಟಿಗಳ ಬಾಕಿ ಬಿಲ್ಲುಗಳ ಹೊರೆ ಅಲ್ಲಿ ವರ್ಷ ವರ್ಷವೂ ದೊಡ್ಡ ಚರ್ಚೆಯ ವಿಷಯವಾಗಿದೆ. ದಕ್ಷಿಣ ಆಫ್ರಿಕಾದ 2003ರ ಪುರಸಭಾ ಹಣಕಾಸು ಕಾಯ್ದೆ ಬಿಲ್ಲು ಕೈಸೇರಿದ 30 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು ವಿಧಿಸಿದೆ. ಅಲ್ಪಾವಧಿ ಸಾಲವನ್ನು ಅದೇ ಹಣಕಾಸು ವರ್ಷದಲ್ಲಿ ತೀರಿಸಬೇಕು, ದೀರ್ಘಾವಧಿ ಸಾಲವನ್ನು ಮುಖ್ಯವಾಗಿ ಆಸ್ತಿ ನಿರ್ಮಾಣಕ್ಕಷ್ಟೇ ಬಳಸಬೇಕು ಎಂದೂ ಹೇಳಿದೆ. ನಾನು ಓದಿರುವ ಕಾಯ್ದೆಗಳಲ್ಲಿ ಇದಕ್ಕಿಂತ ಚೊಕ್ಕವಾದದ್ದು ಕಡಿಮೆ. ಹಾಗಿದ್ದೂ ಅಲ್ಲಿನ ಪುರಸಭೆಗಳು ರಾಷ್ಟ್ರೀಯ ವಿದ್ಯುತ್ ಸಂಸ್ಥೆಗೆ ಉಳಿಸಿಕೊಂಡ ಬಾಕಿ ಎಷ್ಟು ಬೆಳೆಯಿತೆಂದರೆ, 2023ರಲ್ಲಿ ರಾಷ್ಟ್ರೀಯ ಖಜಾನೆ ಷರತ್ತುಬದ್ಧ ಪರಿಹಾರ ಯೋಜನೆಯನ್ನು ಪ್ರಕಟಿಸಬೇಕಾಯಿತು. ಕಾಯ್ದೆಯಲ್ಲಿ ಬರೆದದ್ದು ಸಾಲದು. ಉಲ್ಲಂಘನೆ ಆದ ತಿಂಗಳಲ್ಲೇ ಅದು ಎಲ್ಲರ ಕಣ್ಣಿಗೆ ಬೀಳುವಂತಿರಬೇಕು.

ಎರಡನೆಯದು ಖಾತರಿ ಪತ್ರಗಳ ವಿಷಯ. ಒಂದು ಸಾರ್ವಜನಿಕ ನಿಗಮದ ಲೆಕ್ಕ ನೋಡುವಾಗ, ಅದು ಬ್ಯಾಂಕುಗಳಿಂದ ಪಡೆದ ದೊಡ್ಡ ಸಾಲವೊಂದಕ್ಕೆ ಸರ್ಕಾರ ಖಾತರಿ ಕೊಟ್ಟಿದೆ ಎಂಬ ಉಲ್ಲೇಖ ಸಿಕ್ಕಿತು. ಸಂಬಂಧಪಟ್ಟ ಹಣಕಾಸು ಶಾಖೆಯ ಖಾತರಿ ವಹಿಯಲ್ಲಿ ಅದರ ನಮೂದು ಇರಲಿಲ್ಲ. ಕೇಳಿದಾಗ, ಆ ಆದೇಶ ಬೇರೆ ಇಲಾಖೆಯಿಂದ ಹೊರಟದ್ದರಿಂದ ಅದರ ಪ್ರತಿ ಅಲ್ಲಿಯ ಕಡತದಲ್ಲಿರಬಹುದು ಎಂಬ ಉತ್ತರ ಬಂತು. ಕೊನೆಗೆ ಸರ್ಕಾರದ ಸಹಿಯಿದ್ದ ಆ ಪತ್ರವನ್ನು ನಾನು ಓದಿದ್ದು ಸಾಲ ಕೊಟ್ಟ ಬ್ಯಾಂಕು ಕಳಿಸಿದ ಪ್ರತಿಯಿಂದ. ತಾನು ಯಾರಿಗೆ ಜಾಮೀನು ನಿಂತಿದ್ದೇನೆ ಎಂಬುದನ್ನು ಸರ್ಕಾರ ಸಾಲ ಕೊಟ್ಟವರಿಂದ ತಿಳಿದುಕೊಳ್ಳಬೇಕಾದ ಸ್ಥಿತಿ ಅದು. ನಿಗಮಕ್ಕೆ ಸ್ವಂತ ಆದಾಯವೆಂಬುದು ಹೆಚ್ಚೇನೂ ಇರಲಿಲ್ಲ. ಅಸಲು, ಬಡ್ಡಿ ಎರಡೂ ಸರ್ಕಾರದ ಅನುದಾನದಿಂದಲೇ ಹೋಗುತ್ತಿದ್ದವು. ಹೆಸರು ನಿಗಮದ್ದು, ಸಾಲ ಸರ್ಕಾರದ್ದು.

ಬಜೆಟ್ಟಿನ ಹೊರಗಿನ ಸಾಲ ಎಂದು ಕರೆಯುವ ಈ ಪದ್ಧತಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಚೀನಾದಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ. 1994ರ ತೆರಿಗೆ ಸುಧಾರಣೆ ಆದಾಯದ ದೊಡ್ಡ ಪಾಲನ್ನು ಕೇಂದ್ರಕ್ಕೆ ಸೆಳೆದುಕೊಂಡಿತು. ಶಾಲೆ, ಆಸ್ಪತ್ರೆ, ರಸ್ತೆಗಳ ಹೊಣೆ ಮಾತ್ರ ಸ್ಥಳೀಯ ಸರ್ಕಾರಗಳ ಹೆಗಲ ಮೇಲೇ ಉಳಿಯಿತು. ಅದೇ ಕಾಲದ ಬಜೆಟ್ ಕಾನೂನು ಸ್ಥಳೀಯ ಸರ್ಕಾರಗಳು ಕೊರತೆ ಬಜೆಟ್ ಮಂಡಿಸುವುದನ್ನೂ ಬಾಂಡ್ ಹೊರಡಿಸುವುದನ್ನೂ ನಿಷೇಧಿಸಿತು. ಹೊಣೆ ಹೆಚ್ಚು, ಹಣ ಕಡಿಮೆ, ಸಾಲಕ್ಕೆ ನಿಷೇಧ: ಈ ಮೂರೂ ಒಟ್ಟಿಗೆ ಬಂದಾಗ ಸ್ಥಳೀಯ ಸರ್ಕಾರಗಳು ತಮ್ಮದೇ ಹಣಕಾಸು ಕಂಪನಿಗಳನ್ನು ಹುಟ್ಟುಹಾಕಿ, ಅವುಗಳಿಗೆ ಭೂಮಿ ಕೊಟ್ಟು, ಅದನ್ನು ಅಡವಿಟ್ಟು ಸಾಲ ತಂದವು. 2008ರ ಜಾಗತಿಕ ಆರ್ಥಿಕ ಬಿಕ್ಕಟ್ಟಿಗೆ ಉತ್ತರವಾಗಿ ಘೋಷಿಸಿದ 4 ಲಕ್ಷ ಕೋಟಿ ಯುವಾನ್ ಉತ್ತೇಜನ ಯೋಜನೆಯ ನಂತರ ಈ ಕಂಪನಿಗಳ ಸಾಲ ಮಿತಿಯಿಲ್ಲದೆ ಬೆಳೆಯಿತು. ಕಾನೂನನ್ನು 2014ರಲ್ಲಿ ತಿದ್ದಿ ಪ್ರಾಂತ್ಯಗಳಿಗೆ ಬಾಂಡ್ ಹೊರಡಿಸುವ ಅಧಿಕಾರ ಕೊಟ್ಟರು, ಹಳೆಯ ಸಾಲವನ್ನು ಕಡಿಮೆ ಬಡ್ಡಿಯ ಬಾಂಡುಗಳಿಗೆ ಬದಲಾಯಿಸಿದರು, ಇನ್ನು ಮುಂದೆ ಮರೆಯ ಸಾಲ ಇಲ್ಲವೆಂದರು. ಹತ್ತು ವರ್ಷಗಳ ನಂತರ, 2024ರ ನವೆಂಬರಿನಲ್ಲಿ, 2023ರ ಕೊನೆಗೆ ಸ್ಥಳೀಯ ಸರ್ಕಾರಗಳ ಮರೆಯ ಸಾಲ 14.3 ಲಕ್ಷ ಕೋಟಿ ಯುವಾನ್ ಇತ್ತೆಂದು ಅಲ್ಲಿನ ಹಣಕಾಸು ಸಚಿವರೇ ಹೇಳಿ, ಅದನ್ನು ಕರಗಿಸಲು 10 ಲಕ್ಷ ಕೋಟಿ ಯುವಾನಿನ ವ್ಯವಸ್ಥೆಯನ್ನು ಪ್ರಕಟಿಸಿದರು. ಅಷ್ಟರಲ್ಲಿ ಅಡವಿಟ್ಟ ಭೂಮಿಯ ಮಾರಾಟವೂ ಕುಸಿದಿತ್ತು. ಇದನ್ನು ನಾನು ಒಂದು ದೇಶವನ್ನು ದೂರಲು ಹೇಳುತ್ತಿಲ್ಲ. ಹೊಣೆಗೆ ತಕ್ಕ ಆದಾಯ ಕೊಡದೆ ಸಾಲವನ್ನಷ್ಟೇ ನಿಷೇಧಿಸಿದರೆ ಸಾಲ ನಿಲ್ಲುವುದಿಲ್ಲ, ಕಣ್ಮರೆಯಾಗುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಕಾಣುವಂತೆ ನಡೆದಿದೆ.

ಭಾರತದಲ್ಲೂ ಇದರ ನೆರಳಿದೆ. ವಿದ್ಯುತ್ ವಿತರಣಾ ಕಂಪನಿಗಳ ಸಾಲವನ್ನು ಕಂಪನಿಗಳದ್ದೆಂದು ಬಹುಕಾಲ ಬೇರೆ ಇಟ್ಟಿದ್ದ ರಾಜ್ಯಗಳು, 2015ರ ಉದಯ್ ಯೋಜನೆಯಡಿ ಆ ಸಾಲದ ನೂರಕ್ಕೆ 75 ಭಾಗವನ್ನು ತಮ್ಮ ತಲೆಗೆ ಕಟ್ಟಿಕೊಂಡವು. ಸಂವಿಧಾನದ 293ನೇ ವಿಧಿಯಂತೆ ಕೇಂದ್ರಕ್ಕೆ ಸಾಲ ಉಳಿಸಿಕೊಂಡಿರುವ ರಾಜ್ಯಗಳು ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು. ರಾಜ್ಯದ ಬಜೆಟ್ಟಿನಿಂದಲೇ ಅಸಲು ಬಡ್ಡಿ ತೀರುವ ನಿಗಮಗಳ ಸಾಲವನ್ನು ರಾಜ್ಯದ ಸಾಲವೆಂದೇ ಎಣಿಸಲಾಗುವುದು ಎಂದು ಕೇಂದ್ರ 2022ರಲ್ಲಿ ತಿಳಿಸಿದಾಗ ಹಲವು ರಾಜ್ಯಗಳು ಆಕ್ಷೇಪಿಸಿದವು. ಕೇಂದ್ರ ತನ್ನ ಅಧಿಕಾರವನ್ನು ಹೇಗೆ ಬಳಸುತ್ತಿದೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಆ ಸಾಲ ಯಾರದು ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಒಂದೇ ಇರಲು ಸಾಧ್ಯ, ಅದು ಕೇಂದ್ರದ ಪತ್ರದಿಂದ ಬದಲಾಗುವಂಥದ್ದಲ್ಲ.

ಮೂರನೆಯದಾಗಿ, ಸಾಲ ವಹಿಯಲ್ಲಿದ್ದರೂ ಅದನ್ನು ತೀರಿಸುವವರು ನಾವಲ್ಲ ಎಂಬ ನಂಬಿಕೆಯ ಬಗ್ಗೆ ಹೇಳಬೇಕು. ಬ್ರೆಜಿಲ್‌ನ ರಾಜ್ಯಗಳು ತಮ್ಮದೇ ಒಡೆತನದ ಬ್ಯಾಂಕುಗಳಿಂದ ಸಾಲ ಪಡೆಯುತ್ತಿದ್ದ ಕಾಲವೊಂದಿತ್ತು. ಕೊಡುವವನೂ ಪಡೆಯುವವನೂ ಒಬ್ಬನೇ ಆದಾಗ ಬೇಡವೆನ್ನುವವರು ಯಾರು? 1989ರಲ್ಲಿ ಒಮ್ಮೆ, 1993ರಲ್ಲಿ ಮತ್ತೊಮ್ಮೆ, 1997ರಲ್ಲಿ ಮಗದೊಮ್ಮೆ ಅಲ್ಲಿನ ಕೇಂದ್ರ ಸರ್ಕಾರ ರಾಜ್ಯಗಳ ಸಾಲವನ್ನು ತಾನು ವಹಿಸಿಕೊಂಡು ದೀರ್ಘಾವಧಿಗೆ ಮರುಹೊಂದಿಸಿತು. ಮೂರನೆಯ ಬಾರಿ, ರಾಜಧಾನಿ ಜಿಲ್ಲೆಯೂ ಸೇರಿ 27ರಲ್ಲಿ 25 ರಾಜ್ಯಗಳು 30 ವರ್ಷಗಳ ಕರಾರಿಗೆ ಸಹಿ ಹಾಕಿದವು. ಎರಡೇ ವರ್ಷಗಳೊಳಗೆ, 1999ರ ಜನವರಿಯಲ್ಲಿ, ಮಿನಾಸ್ ಜೆರಾಯಿಸ್ ರಾಜ್ಯದ ಗವರ್ನರ್ ಇತಾಮಾರ್ ಫ್ರಾಂಕೊ ಕಂತು ಕಟ್ಟುವುದನ್ನು ನಿಲ್ಲಿಸಿದರು. ಮೊದಲೇ ಅಲುಗಾಡುತ್ತಿದ್ದ ದೇಶದ ನಾಣ್ಯದ ಮೇಲಿನ ಒತ್ತಡ ಅದರಿಂದ ಇನ್ನಷ್ಟು ಹೆಚ್ಚಿತು, ಅದೇ ತಿಂಗಳಲ್ಲಿ ರಿಯಾಲ್ ಮೌಲ್ಯ ಕುಸಿಯಿತು.

ಬ್ರೆಜಿಲ್ ಅದರಿಂದ ಕಲಿತದ್ದು ಬಹಳ. 2000ದ ಮೇ ತಿಂಗಳ ಹಣಕಾಸು ಹೊಣೆಗಾರಿಕೆ ಕಾನೂನು ಕೇಂದ್ರವು ರಾಜ್ಯಗಳ ಸಾಲವನ್ನು ಮತ್ತೆ ಮರುಹೊಂದಿಸುವುದನ್ನೇ ನಿಷೇಧಿಸಿತು. ಅದರ 42ನೇ ವಿಧಿಯನ್ನು ಓದಿದಾಗಲೆಲ್ಲ ನನಗೆ ಆ ಕಬ್ಬಿಣದ ಬೀರು ನೆನಪಾಗುತ್ತದೆ: ಅಧಿಕಾರಾವಧಿಯ ಕೊನೆಯ ಎಂಟು ತಿಂಗಳಲ್ಲಿ, ಆ ಅವಧಿಯೊಳಗೇ ತೀರಿಸಲು ಅಥವಾ ಮುಂದಿನವರಿಗೆ ಸಾಕಷ್ಟು ನಗದು ಉಳಿಸಲು ಆಗದ ಯಾವ ಹೊಸ ಬಾಧ್ಯತೆಯನ್ನೂ ಹೊರುವಂತಿಲ್ಲ. ಇಷ್ಟಾದರೂ, ಸಂಬಳ ಮತ್ತು ಪಿಂಚಣಿಗಳು ನಿವ್ವಳ ಆದಾಯದ ನೂರಕ್ಕೆ 60ರೊಳಗೆ ಇರಬೇಕೆಂಬ ಮಿತಿಯನ್ನು ಪಾಲಿಸಿದಂತೆ ತೋರಿಸಲು ಹಲವು ರಾಜ್ಯಗಳು ಪಿಂಚಣಿಯಂಥ ಕೆಲವು ಬಾಬ್ತುಗಳನ್ನು ಲೆಕ್ಕದಿಂದ ಹೊರಗಿಟ್ಟವು. ಸರ್ಕಾರಿ ಲೆಕ್ಕ ಪರಿಶೋಧಿಸುವ ಅಲ್ಲಿನ ನ್ಯಾಯಮಂಡಳಿಗಳು ಅದನ್ನು ಒಪ್ಪಿಕೊಂಡವು. 2016ರ ಜೂನಿನಲ್ಲಿ, ಒಲಿಂಪಿಕ್ಸ್ ಆರಂಭಕ್ಕೆ ಕೆಲವೇ ವಾರಗಳಿದ್ದಾಗ, ರಿಯೊ ಡಿ ಜನೈರೊ ರಾಜ್ಯ ಹಣಕಾಸು ವಿಪತ್ತು ಘೋಷಿಸಿತು. ಶಿಕ್ಷಕರ, ಪೊಲೀಸರ ಸಂಬಳ, ವೃದ್ಧರ ಪಿಂಚಣಿ ತಿಂಗಳುಗಟ್ಟಲೆ ತಡವಾದವು. ಮರುವರ್ಷ ಮತ್ತೊಂದು ಪರಿಹಾರ ಕಾನೂನು ಬಂತು. ಲೆಕ್ಕ ಪರಿಶೋಧಿಸುವವರು ಕಣ್ಣು ಮುಚ್ಚಿದರೆ ಎಷ್ಟೇ ಒಳ್ಳೆಯ ಕಾನೂನೂ ಸೋರುತ್ತದೆ ಎಂದು ನನ್ನ ವೃತ್ತಿಯವರ ಪರವಾಗಿಯೇ ನೋವಿನಿಂದ ಬರೆಯುತ್ತಿದ್ದೇನೆ.

ಹಣ ನಿಂತಾಗ ಮೊದಲು ನೋಯುವವರು ಸಾಲ ಕೊಟ್ಟವರಲ್ಲ, ಸಂಬಳದ ಜನ. 2001ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯ ತನ್ನ ನೌಕರರಿಗೆ ಪಟಕೋನ್ ಎಂಬ ಬಾಂಡುಗಳಲ್ಲಿ ಸಂಬಳ ಕೊಟ್ಟಿತು. ಬೇರೆ ಹಲವು ಪ್ರಾಂತ್ಯಗಳೂ ಇಂಥದೇ ಕಾಗದಗಳನ್ನು ಅಚ್ಚು ಹಾಕಿದವು. ನೈಜೀರಿಯಾದಲ್ಲಿ ತೈಲ ಬೆಲೆ ಬಿದ್ದ ಮೇಲೆ, 2015ರ ಹೊತ್ತಿಗೆ, ಅನೇಕ ರಾಜ್ಯಗಳು ತಿಂಗಳುಗಳ ಸಂಬಳ ಬಾಕಿ ಉಳಿಸಿಕೊಂಡಿದ್ದವು. ಕೇಂದ್ರದಿಂದ ಬರಬೇಕಾದ ತೆರಿಗೆ ಪಾಲಿನಿಂದಲೇ ಬ್ಯಾಂಕುಗಳು ಕಂತನ್ನು ಮೂಲದಲ್ಲೇ ಮುರಿದುಕೊಳ್ಳುವ ವ್ಯವಸ್ಥೆ ಅಲ್ಲಿತ್ತು. ಬ್ಯಾಂಕಿನ ಕಂತು ಮೊದಲು, ನರ್ಸಿನ ಸಂಬಳ ಆಮೇಲೆ. ಕೊನೆಗೆ ಕೇಂದ್ರ ಆ ಬ್ಯಾಂಕ್ ಸಾಲಗಳನ್ನು 20 ವರ್ಷಗಳ ಬಾಂಡುಗಳಾಗಿ ಪರಿವರ್ತಿಸಿಕೊಟ್ಟಿತು. ತೆರಿಗೆ ಪಾಲನ್ನು ಅಡವಿಡುವುದರಿಂದ ಬಡ್ಡಿ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಈ ಭದ್ರತೆ ಇರುವಾಗ ಸಾಲ ಕೊಡುವವರು ಯೋಜನೆ ಒಳ್ಳೆಯದೇ, ಸರ್ಕಾರಕ್ಕೆ ತೀರಿಸುವ ಶಕ್ತಿಯಿದೆಯೇ ಎಂದು ನೋಡುವ ಗೋಜಿಗೇ ಹೋಗುವುದಿಲ್ಲ. ಮೆಕ್ಸಿಕೋದ ಕೊವಾಹುಯಿಲಾ ರಾಜ್ಯದ ಸಾಲ ಕೆಲವೇ ವರ್ಷಗಳಲ್ಲಿ ಬೆಳೆದು 2011ರಲ್ಲಿ 3,000 ಕೋಟಿ ಪೆಸೊ ದಾಟಿದ್ದು ಬಯಲಾದಾಗ, ಅದರಲ್ಲಿ ಕೆಲವು ಸಾಲಗಳಿಗೆ ನಕಲಿ ದಾಖಲೆಗಳನ್ನು ಬಳಸಿದ್ದೂ ಹೊರಬಿತ್ತು. ಆ ದಾಖಲೆಗಳನ್ನು ಸಾಲ ಕೊಟ್ಟವರು ಶಾಸನಸಭೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿದ್ದರೂ ಸಾಕಿತ್ತಲ್ಲವೇ?

ವಿದೇಶಿ ಕರೆನ್ಸಿಯ ಸಾಲದ ಬಗ್ಗೆ ಒಂದೇ ಮಾತು. ನೀರಿನ ಕರ ಡಾಲರಿನಲ್ಲಿ ಬರುವುದಿಲ್ಲ. 2023ರಲ್ಲಿ ನೈಜೀರಿಯಾದ ನೈರಾ ಮೌಲ್ಯ ಕುಸಿದಾಗ ಅಲ್ಲಿನ ರಾಜ್ಯಗಳ ವಿದೇಶಿ ಸಾಲದ ಹೊರೆ, ಹೊಸದಾಗಿ ಒಂದು ಡಾಲರನ್ನೂ ಪಡೆಯದೆಯೇ, ನೈರಾ ಲೆಕ್ಕದಲ್ಲಿ ಉಬ್ಬಿತು.

ಸರಿಯಾಗಿ ನಡೆದದ್ದನ್ನೂ ನಾನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಹಮದಾಬಾದ್ ನಗರಾಡಳಿತ 1998ರಲ್ಲಿ ರಾಜ್ಯದ ಖಾತರಿಯಿಲ್ಲದೆ 100 ಕೋಟಿ ರೂಪಾಯಿಗಳ ಬಾಂಡ್ ಹೊರಡಿಸಿತು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಆಕ್ಟ್ರಾಯ್ (ನಗರದೊಳಗೆ ಬರುವ ಸರಕಿನ ಮೇಲಿನ ಸುಂಕ) ಮತ್ತು ಆಸ್ತಿ ತೆರಿಗೆ ವಸೂಲಿಯನ್ನು ಬಿಗಿಗೊಳಿಸಿ, ಲೆಕ್ಕಗಳನ್ನು ಸರಿಪಡಿಸಿಕೊಂಡು, ಸ್ವತಂತ್ರ ಸಂಸ್ಥೆಯಿಂದ ತನ್ನ ಸಾಲಾರ್ಹತೆಯ ಅಳತೆ ಮಾಡಿಸಿಕೊಂಡಿತ್ತು. ಬಾಂಡ್ ಹೊರಡಿಸಿದ್ದಕ್ಕಿಂತ ಈ ಪೂರ್ವಸಿದ್ಧತೆಯೇ ದೊಡ್ಡ ಕೆಲಸ. ತಮ್ಮಷ್ಟಕ್ಕೆ ಮಾರುಕಟ್ಟೆಗೆ ಹೋಗಲಾಗದ ಸಣ್ಣ ಪಟ್ಟಣಗಳ ನೀರು ಮತ್ತು ನೈರ್ಮಲ್ಯ ಯೋಜನೆಗಳನ್ನು ಒಟ್ಟುಗೂಡಿಸಿ, ಕಂತಿಗೆ ಬೇಕಾದ ಮೀಸಲು ನಿಧಿಯನ್ನು ಮೊದಲೇ ಎತ್ತಿಟ್ಟು, 2002-03ರ ಸುಮಾರಿಗೆ ತಮಿಳುನಾಡು ಸಾಮೂಹಿಕ ಬಾಂಡ್ ಹೊರಡಿಸಿತು. ಕೊಲಂಬಿಯಾದ 1997ರ ಕಾನೂನಿಗೆ ಜನ ಸಿಗ್ನಲ್ ದೀಪಗಳ ಕಾನೂನೆಂದೇ ಹೆಸರಿಟ್ಟರು. ದಿನನಿತ್ಯದ ಖರ್ಚು ಕಳೆದು ಉಳಿಯುವ ಹಣದಲ್ಲಿ ಬಡ್ಡಿಯ ಪಾಲು ನೂರಕ್ಕೆ 40ರೊಳಗಿದ್ದರೆ ಹಸಿರು, 60 ದಾಟಿದರೆ ಕೆಂಪು, ನಡುವೆ ಇದ್ದರೆ ಹಳದಿ ಎಂದು ಅದು ಆಗ ಹೇಳಿತ್ತು, ಹಳದಿಯವರಿಗೆ ಕೇಂದ್ರದ ಅನುಮತಿ ಬೇಕಿತ್ತು. ಈ ನಡುವಿನ ಹಳದಿಯನ್ನು 2003ರಲ್ಲಿ ತೆಗೆದೇಹಾಕಿದರು. ಸರಿಯಾದ ನಿರ್ಧಾರವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಅನುಮತಿ ಎಂಬುದು ಇರುವಲ್ಲಿ ಶಿಫಾರಸೂ ಬಂದು ಕೂರುತ್ತದೆ. ಮೆಕ್ಸಿಕೋ ಕೂಡ 2016ರ ಕಾನೂನಿನ ಮೂಲಕ ರಾಜ್ಯ ಮತ್ತು ಪುರಸಭೆಗಳ ಸಾಲಗಳಿಗೆ ಒಂದೇ ಸಾರ್ವಜನಿಕ ನೋಂದಣಿಯನ್ನು ಬಲಪಡಿಸಿ, ಅಲ್ಪಾವಧಿ ಸಾಲಗಳನ್ನು ಅಧಿಕಾರಾವಧಿ ಮುಗಿಯುವ ಮೂರು ತಿಂಗಳ ಮೊದಲೇ ಪೂರ್ತಿ ತೀರಿಸಬೇಕೆಂದು ವಿಧಿಸಿತು.

ಕೇಂದ್ರ ಸರ್ಕಾರಗಳಿಗೂ ಇಲ್ಲಿ ಒಂದು ಮಾತು ಸಲ್ಲಬೇಕು. ಸೆನೆಗಲ್‌ನ ಡಕಾರ್ ನಗರ ವರ್ಷಗಟ್ಟಲೆ ಸಿದ್ಧತೆ ಮಾಡಿ, 2,000 ಕೋಟಿ ಸಿಎಫ್‌ಎ ಫ್ರಾಂಕುಗಳ ಬಾಂಡಿಗೆ ಎಲ್ಲವನ್ನೂ ಅಣಿಗೊಳಿಸಿಕೊಂಡಿದ್ದಾಗ, 2015ರ ಆರಂಭದಲ್ಲಿ ರಾಷ್ಟ್ರೀಯ ಸರ್ಕಾರ ಕೊನೆಯ ಗಳಿಗೆಯಲ್ಲಿ ಅದನ್ನು ತಡೆಯಿತು. ನಿಯಮ ಪಾಲಿಸಿದವರನ್ನು ತಡೆದು, ಪಾಲಿಸದವರನ್ನು ಉಳಿಸಿಕೊಳ್ಳುವ ವ್ಯವಸ್ಥೆಯಲ್ಲಿ ಯಾವ ಮೇಯರ್ ತಾನೇ ಕಷ್ಟದ ದಾರಿ ಹಿಡಿದಾರು? ಕೊಡಬೇಕಾದ ಅನುದಾನವನ್ನೂ ತೆರಿಗೆ ಪಾಲನ್ನೂ ವರ್ಷದ ಕೊನೆಯ ವಾರಕ್ಕೆ ತಳ್ಳಿ, ಆಮೇಲೆ ಸ್ಥಳೀಯ ಸರ್ಕಾರಗಳಿಗೆ ಶಿಸ್ತಿಲ್ಲವೆಂದು ದೂರುವುದು ನ್ಯಾಯವಲ್ಲ. ಆ ಬೀರುವಿನಲ್ಲಿದ್ದ ಬಿಲ್ಲುಗಳಲ್ಲಿ ಒಂದು ಪಾಲು ಹಾಗೆ ಬಾರದೆ ಉಳಿದ ಅನುದಾನವನ್ನು ನಂಬಿ ಆರಂಭಿಸಿದ ಕೆಲಸಗಳದ್ದೇ ಆಗಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಮನವಿಗಳು ಇವು. ಪ್ರತಿ ರಾಜ್ಯ ಮತ್ತು ಪ್ರತಿ ನಗರಾಡಳಿತ ಒಂದೇ ಒಂದು ಸಾಲದ ವಹಿಯನ್ನು ಇಡಲಿ. ಅದರಲ್ಲಿ ಬ್ಯಾಂಕ್ ಸಾಲ, ಬಾಂಡ್, ನಿಗಮಗಳ ಸಾಲ, ಕೊಟ್ಟ ಖಾತರಿಗಳು, ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಮುಂದೆ ಕೊಡಬೇಕಾದ ವಾರ್ಷಿಕ ಕಂತುಗಳು, 90 ದಿನ ಮೀರಿದ ಪ್ರತಿಯೊಂದು ಬಾಕಿ ಬಿಲ್ಲು, ಎಲ್ಲವೂ ಇರಲಿ. ಯಾರಿಗೆ, ಎಷ್ಟು, ಯಾವ ಬಡ್ಡಿಗೆ, ಯಾವಾಗ ಎಂಬುದು ಜನರು ಓದಿದರೆ ತಿಳಿಯುವಂತಿರಲಿ. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಕಟಿಸಿ ಸದನದ ಮುಂದೆ, ಸಾಮಾನ್ಯ ಸಭೆಯ ಮುಂದೆ ಇಡಿ. ಆ ವಹಿಯಲ್ಲಿ ನಮೂದಾಗದ ಖಾತರಿ ಸರ್ಕಾರವನ್ನು ಕಟ್ಟಿಹಾಕದು ಎಂದು ಕಾನೂನಿನಲ್ಲೇ ಬರೆಯಿರಿ. ಹಾಗೆ ಬರೆದ ಮರುದಿನದಿಂದ ನಮೂದು ಆಗಿದೆಯೇ ಎಂದು ಸಾಲ ಕೊಡುವವರೇ ಬಂದು ನೋಡುತ್ತಾರೆ.

ಬಿಲ್ಲುಗಳು ಬಂದ ದಿನಾಂಕದ ಕ್ರಮದಲ್ಲೇ ಪಾವತಿಯಾಗಲಿ, ಆ ಸರದಿ ಎಲ್ಲರಿಗೂ ಕಾಣಲಿ. ಸಂಬಳಕ್ಕೆ, ಸಬ್ಸಿಡಿಗೆ, ಹಳೆಯ ಬಡ್ಡಿಗೆ ಹೊಸ ದೀರ್ಘಾವಧಿ ಸಾಲ ಬೇಡ. ನಾಲ್ಕು ದಶಕ ಬಾಳುವ ಕೊಳವೆಗೆ ಇಪ್ಪತ್ತು ವರ್ಷಗಳ ಸಾಲ ಮಾಡಿ, ಅದರಿಂದ ನೀರು ಕುಡಿಯುವ ಮುಂದಿನವರೂ ಒಂದು ಪಾಲು ಕಟ್ಟುವುದು ನ್ಯಾಯ. ಈ ತಿಂಗಳ ಸಂಬಳವನ್ನು ಅವರಿಂದ ಕಟ್ಟಿಸುವುದು ನ್ಯಾಯವಲ್ಲ. ಒಟ್ಟಿಗೆ ತೀರಿಸಬೇಕಾದ ಬಾಂಡುಗಳಿಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪವಾಗಿ ತೀರಿಕೆ ನಿಧಿಯಲ್ಲಿ ಕೂಡಿಡಿ, ಬಜೆಟ್ಟಿನ ತೂತು ಮುಚ್ಚಲು ಅದಕ್ಕೆ ಕೈಹಾಕಬೇಡಿ. ಮುಳುಗುವವರನ್ನು ಮೇಲಿನ ಸರ್ಕಾರ ಎತ್ತಲೇಬೇಕಾದ ದಿನ ಬಂದರೆ, ಜನರಿಗೆ ನೀರು, ಆಸ್ಪತ್ರೆ, ಸಂಬಳ ನಿಲ್ಲದಂತೆ ನೋಡಿಕೊಂಡು, ನಷ್ಟದ ಒಂದು ಪಾಲನ್ನು ಅವಿಚಾರದಿಂದ ಸಾಲ ಕೊಟ್ಟವರಿಗೂ ಹೊರಿಸುವ ಕ್ರಮವನ್ನು ಈಗಲೇ, ಬಿಕ್ಕಟ್ಟು ಇಲ್ಲದಿರುವಾಗಲೇ, ಕಾನೂನಿನಲ್ಲಿ ಬರೆದಿಡಿ. ಬಿಕ್ಕಟ್ಟಿನ ರಾತ್ರಿ ಕೂತು ಬರೆದ ಷರತ್ತುಗಳು ಬೆಳಗಾದ ಮೇಲೆ ನಿಲ್ಲುವುದಿಲ್ಲ.

ಇವುಗಳಲ್ಲಿ ಕೆಲವಕ್ಕೆ ಹೊಸ ಕಾನೂನು ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದನ್ನು ಬಲ್ಲೆ. ಬಾಕಿ ಬಿಲ್ಲುಗಳ ಪಟ್ಟಿಗೆ ಮಾತ್ರ ಯಾವ ಕಾನೂನೂ ಬೇಡ. ತಮ್ಮ ಕಚೇರಿಯ ಲೆಕ್ಕ ಶಾಖೆಗೆ ಈ ವಾರವೇ ಒಂದು ಸುತ್ತೋಲೆ ಕಳಿಸಿ, ಬೀರುಗಳನ್ನು ತೆರೆಸಿ, ಒಳಗಿರುವ ಬಿಲ್ಲುಗಳನ್ನು ದಿನಾಂಕದ ಸಮೇತ ಎಣಿಸಿ ಒಟ್ಟು ಮೊತ್ತವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಮುಂದಿನ ಬಜೆಟ್ ಮಂಡನೆಗೆ ಮೊದಲು ಆ ಅಂಕಿ ಜನರ ಮುಂದೆ ಬರಲಿ.

ಇತಿ ಗೌರವಪೂರ್ವಕವಾಗಿ,
ಸರ್ಕಾರಿ ಲೆಕ್ಕಪರಿಶೋಧನೆಯಲ್ಲಿ ದುಡಿದ ಒಬ್ಬ ನಾಗರಿಕ